ಅಳತೆ ಬ್ಲೌಸ್

ತಂಗಿಯ ಮದುವೆಗೆ ತನ್ನ ಧಾರೆ ಸೀರೆಯನ್ನೇ ಉಡಬೇಕೆಂದು ಅವಳ ಹಟ. ಆದರೆ ಅದರ ಬ್ಲೌಸ್ ಬಿಗಿಯಾಗಿ ಹುಕ್ಕುಗಳೇ ಬೀಳುತ್ತಿರಲಿಲ್ಲ.

"ಈ ಹುಕ್ಕು ಬೀಳೋವರೆಗೂ ನಾನು ಅನ್ನ ಮುಟ್ಟಲ್ಲ," ಎಂದವಳು ಹದಿನೆಂಟು ದಿನದಿಂದ ಮೂರು ಹೊತ್ತೂ ಸೋರೆಕಾಯಿ ಜ್ಯೂಸನ್ನೇ ಕುಡಿಯುತ್ತಿದ್ದಳು. ಮೊದಲ ವಾರ ಎರಡು ಕೆಜಿ ಇಳಿದ ತೂಕ ಆಮೇಲೆ ಅಲ್ಲೇ ಕೂತುಬಿಟ್ಟಿತ್ತು. ಬಟ್ಟೆ ಒಣಹಾಕುವಾಗ ಎರಡು ಸಲ ಕಣ್ಣು ಕತ್ತಲೆ ಬಂದು ಕುಸಿದಿದ್ದಳು.

"ಸೋರೆಕಾಯಿ ಹುಳಿ ಮಾಡಿದ್ದೀನಿ, ಅನ್ನಕ್ಕೆ ಕಲೆಸ್ಕೊಂಡು ತಿನ್ನೇ. ಅದೂ ಸೋರೆಕಾಯೇ ತಾನೆ?" ಅತ್ತೆ ಗೋಗರೆದರು.

"ನಾನು ಸಣ್ಣಗಾಗೋದು ನಿಮಗೆ ಬೇಕಾಗೇ ಇಲ್ಲ ಅತ್ತೆ!"

"ಹೌದು ಕಣೆ, ಬೇಕಾಗಿಲ್ಲ. ಗೋಡೆ ಹಿಡ್ಕೊಂಡು ಓಡಾಡೋ ಸೊಸೇನ ಮದುವೆ ಮನೆಗೆ ಹೇಗೆ ಕರ್ಕೊಂಡು ಹೋಗ್ಲಿ?"

ಶುಕ್ರವಾರ ಸಿಟ್ಟಿನಲ್ಲೇ ಬ್ಲೌಸ್ ತೊಟ್ಟು ನೋಡಿದಳು. ಹುಕ್ಕುಗಳೆಲ್ಲ ಸಲೀಸಾಗಿ ಬಿದ್ದವು!

"ನೋಡಿ ಅತ್ತೆ! ನಿಮ್ಮ ಮಾತು ಕೇಳಿದ್ರೆ ಇದು ಆಗ್ತಿತ್ತಾ?"

"ಇಲ್ಲಮ್ಮ, ನೀನೇ ಗೆದ್ದೆ. ಬಾ, ಬಡಿಸ್ತೀನಿ." ಅತ್ತೆ ಆಗಲೇ ತಟ್ಟೆ ಇಟ್ಟಾಗಿತ್ತು. ಅವಳು ಮೂರು ಸಲ ಅನ್ನ ಹಾಕಿಸಿಕೊಂಡಳು.

ಅದೇ ದಿನ ಸಂಜೆ, ಆರತಕ್ಷತೆಯ ಸೀರೆಗೆ ಹೊಸ ಬ್ಲೌಸ್ ಹೊಲಿಸಲು ಹೋದವಳು, ಹಳೆಯದನ್ನು ಅಳತೆಗೆಂದು ಟೈಲರ್ ಮುಂದಿಟ್ಟಳು. "ಸರಿಯಾಗಿ ಇದೇ ಅಳತೆಗೆ ಹೊಲೀರಿ."

ಟೈಲರ್ ಅದನ್ನು ಒಳಮೈ ತಿರುವಿ ನೋಡಿದ.

"ಯಾವ ಅಳತೆಗಮ್ಮ? ಮೊದಲಿದ್ದಿದ್ದಕ್ಕಾ, ಇಲ್ಲಾ ಮೊನ್ನೆ ನಿಮ್ಮತ್ತೆ ಬಂದು ಎರಡೂ ಕಡೆ ಹೊಲಿಗೆ ಬಿಚ್ಚಿಸ್ಕೊಂಡು ಹೋದ್ರಲ್ಲ, ಅದಕ್ಕಾ?"