ಅತ್ತೆಯ ಮೂರನೇ ಟೇಕು

ಪಿತೃಪಕ್ಷದಲ್ಲಿ ಸತ್ತ ಹಿರಿಯರು ಖುದ್ದಾಗಿ ಬಂದು ಉಂಡು ಹೋಗತೊಡಗಿದ ಮೇಲೂ ಮಂಡ್ಯದವರು ಎಡೆ ಇಟ್ಟು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಿದ್ದರು. ಆ ಪದ್ಧತಿಯನ್ನು ನಿಲ್ಲಿಸಿದ್ದು ಮೊಬೈಲು. ಬಾಗಿಲು ಮುಚ್ಚಿದರೆ ವಿಡಿಯೊಗೆ ಬೆಳಕು ಸಾಲದು.

ಲೋಲಾಕ್ಷಿ ಮೊಬೈಲ್ ಹಿಡಿದು ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಪಕ್ಕದ ಮನೆಯವಳ ಸತ್ತ ಮಾವ ತಲೆಯನ್ನು ಬೆನ್ನಿನ ಕಡೆಗೆ ತಿರುಗಿಸಿ ಎರಡು ಲಕ್ಷ ವ್ಯೂಸ್ ತಂದುಕೊಟ್ಟಿದ್ದ. ತನ್ನ ಅತ್ತೆ ಪುಟ್ಟಗೌರಮ್ಮನೋ, ಬಾಳೆಯೆಲೆಯ ಮುಂದೆ ಸಾಧು ಹಸುವಿನಂತೆ ಕೂತು ವಡೆ ಮೆಲ್ಲುತ್ತಿದ್ದರು.

"ಕೂದ್ಲು ಬಿಚ್ಚಿ ಅತ್ತೆ. ವಸಿ ಕಣ್ ಕೆಂಪ್ಗೆ ಮಾಡಿ."

"ಅವೆಲ್ಲ ನಂಗ್ ಬರಾಕಿಲ್ಲ ಕಣವ್ವ."

"ಬದುಕಿದ್ದಾಗ ಇಪ್ಪತ್ತೊರ್ಷ ನನ್ನ ನಡುಗ್ಸಿದ್ರಲ್ಲ! ಈಗೇನ್ ಬಂದದೆ ರೋಗ?"

ಮೂರನೇ ಟೇಕಿಗೂ ಅತ್ತೆ ನಾಚಿ ಹಲ್ಲುಬಿಟ್ಟರು, ಅಷ್ಟೆ. ಸಾಕಾಗಿ ಲೋಲಾಕ್ಷಿ, "ಉಣ್ಣಿ ಅತ್ಲಾಗೆ" ಎಂದು ಸಾರು ಬಡಿಸಿದಳು. ಪುಟ್ಟಗೌರಮ್ಮ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ನಿಧಾನವಾಗಿ ತಲೆಯೆತ್ತಿ ಸೊಸೆಯನ್ನೇ ನೋಡಿದರು.

"ಈ ಸಾರ್ಗೆ ಮಸಾಲೆ ನೀನೇ ಅರೆದ್ಯಾ, ಇಲ್ಲ ಪ್ಯಾಕೆಟ್ ಪುಡಿ ಹಾಕಿದ್ಯಾ?"

ಆ ವರ್ಷದ ಅತಿ ಭಯಂಕರ ದೃಶ್ಯ ಯಾರಿಗೂ ನೋಡಲು ಸಿಗಲಿಲ್ಲ. ಲೋಲಾಕ್ಷಿಯ ಮೊಬೈಲ್ ಕೈಜಾರಿ ಸಾರಿನ ಪಾತ್ರೆಗೆ ಬಿದ್ದಿತ್ತು.