ಮೂರು ಡಬ್ಬ ಎಣ್ಣೆ

ಎರಡನೇ ಮಹಾಯುದ್ಧ ಮುಗಿದು ನಲವತ್ತು ವರ್ಷ ಆಗಿತ್ತು. ಸಬ್‌ಮರೀನು ಬೇಟೆಯಾಡ್ತಿದ್ದ ವಿಮಾನದಳದ ಹಳಬರು ಪ್ರತಿವರ್ಷ ಒಂದೇ ತಾರೀಖಿಗೆ ಸೇರಿ, ತಮ್ಮ ಜೀವಮಾನದಲ್ಲಿ ಸಿಕ್ಕ ಒಂದೇ ಒಂದು ಬೇಟೆಯಾದ ಜರ್ಮನ್ ಸಬ್‌ಮರೀನಿನ ನೆನಪಿಗೆ ಹಂದಿಮಾಂಸದ ಊಟ ಹಾಕಿಸೋರು. ಮೊದಲ ತುಂಡು ಬೋಪಯ್ಯನವರ ತಟ್ಟೆಗೇ ಬೀಳೋದು. ಬಾಂಬು ಹಾಕಿದ್ದು ಅವರೇ ತಾನೆ.

ಆ ವರ್ಷ, ದಳದ ಇತಿಹಾಸ ಬರೀತಿದ್ದ ಹೆಂಗಸೊಬ್ಬರು ಪಕ್ಕದಲ್ಲಿ ಕೂತಿದ್ರು. ಬೋಪಯ್ಯನವರಿಗೆ ತುತ್ತು ಇಳೀಲಿಲ್ಲ.

"ಆ ಸಬ್‌ಮರೀನು ಮುಳುಗಲೇ ಇಲ್ಲ ತಾಯಿ," ಅಂದ್ರು ಮೆಲ್ಲಗೆ. "ನಮ್ಮ ಮೇಲೆ ನಾಲ್ಕು ಗುಂಡು ಹಾರಿಸಿ ನೀರೊಳಗೆ ಹೋಯ್ತು. ನನ್ನ ಬಾಂಬು ಬಿದ್ದಿದ್ದು ಅರ್ಧ ಮೈಲಿ ಆಚೆ. ಸತ್ತಿದ್ದು ಮೀನು."

"ಮತ್ತೆ ಅವತ್ತು ನೀವು ತೆಗೆದ ಫೋಟೋದಲ್ಲಿ ನೀರ ಮೇಲೆ ಎಣ್ಣೆ ಇದೆಯಲ್ಲ ಸರ್?"

"ಎಣ್ಣೆ ತೇಲದಿದ್ರೆ ನಾವು ಅದನ್ನ ಮುಳುಗಿಸಿದ್ವಿ ಅಂತ ಮೇಲಧಿಕಾರಿಗಳು ಒಪ್ತಿರಲಿಲ್ಲ. ಇಂಜಿನ್ನಿಗೆ ಅಂತ ಇಟ್ಟಿದ್ದ ಮೂರು ಡಬ್ಬ ಎಣ್ಣೆ ನಾನೇ ವಿಮಾನದಿಂದ ಸುರಿದೆ. ಫೋಟೋ ತೆಗೆದು, ವಾಪಸ್ ಬಂದ್ವಿ. ಇದರಿಂದ ಯಾರಿಗೂ ನೋವಾಗಿಲ್ಲವಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಆದ್ರೂ ಕುಟುಕುತ್ತೆ. ಪುಸ್ತಕದಲ್ಲಿ ನಿಜಾನೇ ಬರೀರಿ."

ಆಕೆ ಬ್ಯಾಗಿನಿಂದ ಜರ್ಮನಿಯಿಂದ ಬಂದ ಒಂದು ಕಾಗದ ತೆಗೆದ್ರು.

"ಆ ಸಬ್‌ಮರೀನಿನ ಕ್ಯಾಪ್ಟನ್ ಬದುಕಿದ್ದಾರೆ ಸರ್. ಆಮೇಲೆ ಮೇಲೆ ಬಂದು ನೋಡಿದ್ರಂತೆ. ವಿಮಾನ ಇರಲಿಲ್ಲ, ನೀರ ಮೇಲೆ ಎಣ್ಣೆ ತೇಲ್ತಿತ್ತಂತೆ. ತನ್ನ ಗುಂಡು ತಗುಲಿ ನೀವೆಲ್ಲ ಸಮುದ್ರದ ಪಾಲಾದ್ರಿ ಅಂದ್ಕೊಂಡಿದ್ದಾರೆ."

ಆಕೆ ಕಾಗದದ ಕೊನೆಯ ಸಾಲಿಗೆ ಬಂದ್ರು.

"ಅವತ್ತಿನಿಂದ ಪ್ರತಿವರ್ಷ ಈ ತಾರೀಖಿಗೆ ಅವರು ಉಪವಾಸ ಇರ್ತಾರಂತೆ ಸರ್."