ಗಗನನ ಗುರುತು

"ಇನ್ನೂ ಉಡುಕ್ತಾನೇ ಅದಾ?" ಪಟ್ಟಲಮ್ಮ ಕೇಳಿದಳು.

ಅಂಗೈಯಗಲದ ಜಿಪಿಎಸ್ ಯಂತ್ರವನ್ನು ಆಕಾಶಕ್ಕೆ ಹಿಡಿದು ನಿಂತಿದ್ದ ಸೊಸೆ ಶಾಲಿನಿ ತಲೆಯಾಡಿಸಿದಳು. ನೇಪಾಳದ ಆ ಬೆಟ್ಟದ ಮಗ್ಗುಲಲ್ಲಿ ಕಣ್ಣು ಹಾಯುವವರೆಗೂ ಕುಸಿದುಬಿದ್ದ ಕಲ್ಲೇ. ಹೋದ ವರ್ಷ ಗಗನ ಅದರಡಿ ಸಿಲುಕಿ ಸತ್ತಿದ್ದ, ಹೆಣ ಸಿಗಲಿಲ್ಲ. ಜೊತೆಗೆ ಬೆಟ್ಟ ಹತ್ತಲು ಹೋಗಿದ್ದವರು ಡೇರೆಯಲ್ಲಿ ಉಳಿದಿದ್ದ ಅವನ ಯಂತ್ರದಲ್ಲೇ ಆ ಜಾಗವನ್ನು ಅವನ ಹೆಸರಿನಿಂದ ಗುರುತು ಮಾಡಿ, ಊರಿಗೆ ತಂದುಕೊಟ್ಟಿದ್ದರು. ಅದನ್ನು ನಂಬಿಕೊಂಡೇ ತಾಯಿ, ಹೆಂಡತಿ ಇಬ್ಬರೂ ಅವನಿಗೆ ಹಾಲು ತುಪ್ಪ ಬಿಡಲು ಇಷ್ಟು ದೂರ ಬಂದಿದ್ದರು.

"ಬ್ಯಾಟ್ರಿ ಮುಗ್ದೋಯ್ತೇನೊ ನೋಡವ್ವ."

"ಹೊಸದೇ ಹಾಕಿದೀನಿ ಅತ್ತೆ. ಇದು ಇನ್ನೂ ನಮ್ಮೂರು ಬಸರಾಳಲ್ಲೇ ಇದೀನಿ ಅನ್ಕೊಂಡದೆ. ಅಲ್ಲಿ ಕಾಣೋ ಉಪಗ್ರಹಾನ ಇಲ್ಲಿ ಹುಡುಕ್ತಾ ಅದೆ."

"ನನ್ನಂಗೇ ಆಯ್ತು ಬುಡು. ನಾನೂ ಬೆಳಿಗ್ಗೆ ಎದ್ದು ನಮ್ಮಟ್ಟಿ ಬಾಗ್ಲು ಎಲ್ಲದೆ ಅಂತ ತಡಕಾಡ್ದೆ. ಯೋಳು ಅದ್ಕೆ, ನೇಪಾಳುಕ್ ಬಂದಿದೀವಿ ಅಂತ."

ಶಾಲಿನಿ ಹಾಗೇ ಮಾಡಿದಳು. ಹೊಸ ಜಾಗಕ್ಕೆ ಬಂದಿದ್ದೇವೆಂದು ಒತ್ತಿ, ಬೆಟ್ಟದ ಗೋಡೆ ಅಡ್ಡ ಬಾರದ ಬಯಲಿನಲ್ಲಿ ಇಟ್ಟು ಕಾದಳು. ಕೊನೆಗೂ ಅದು ಕೂಗಿತು. 'ಗಗನ' ಎಂಬ ಹೆಸರನ್ನು ಒತ್ತಿದಳು.

"ಎಷ್ಟು ದೂರ ಅಂತದವ್ವ?"

ಶಾಲಿನಿ ಮತ್ತೊಮ್ಮೆ ಒತ್ತಿ ನೋಡಿದಳು. "ಅತ್ತೆ, ಇದು ಬಸರಾಳು ತೋರಿಸ್ತಾ ಅದೆ. ನಮ್ಮ ಹೊಲ. ಯಾರು ಮುಟ್ಟಿದ್ರು ಇದನ್ನ?"

ಪಟ್ಟಲಮ್ಮ ಅಲ್ಲೇ ಕಲ್ಲಿನ ಮೇಲೆ ಕೂತಳು.

"ನಾನೇ ಕಣವ್ವ. ಊರಲ್ಲಿ ಹಾಲು ತುಪ್ಪ ಬುಟ್ಟ ದಿನ. ಊತ ಗುಡ್ಡೆ ಇಲ್ದೆ ಎಲ್ಲಿಗೆ ಬುಡಾದು ಅಂತ ಹೊಲದ್ ಬದಿನ್ ಮ್ಯಾಲೆ ಇದ್ನೇ ಮಡಗಿದ್ವಲ್ಲ? ನನ್ ಮಗನ್ ಜಾಗ ಇಲ್ಲೇ ಇರ್ಲಿ, ಇಲ್ಲಿಗೇ ತಂದ್ಬುಡ್ಲಾ ಅಂತ ನಿನ್ ಮೈದ ಯತೀಶನ ಕೈಲಿ ಒತ್ತಿಸ್ದೆ. ಅದೇನೋ ಕೇಳ್ತು, ಅವ್ನು ಹ್ಞೂ ಅಂತ ಒತ್ದ. ಈ ಬೆಟ್ಟದ್ ಗುರ್ತು ಅಳ್ಸೋಯ್ತದೆ ಅಂತ ಯಾರ್ ಕಂಡಿದ್ರವ್ವ?"

ಶಾಲಿನಿ ಯಂತ್ರವನ್ನು ಆರಿಸಿ ಚೀಲಕ್ಕೆ ಹಾಕಿದಳು.

ಪಟ್ಟಲಮ್ಮ ಹಾಲಿನ ಚೊಂಬು ಎತ್ತಿಕೊಂಡು ಹತ್ತಿರದ ಕಲ್ಲಿನ ಮೇಲೆ ಒಂದು ತೊಟ್ಟು ಬಿಟ್ಟಳು. ಪಕ್ಕದ್ದಕ್ಕೆ ಇನ್ನೊಂದು. ಹಾಗೇ ಕಲ್ಲಿಂದ ಕಲ್ಲಿಗೆ ಬಾಗುತ್ತಾ ಇಳಿಜಾರು ಹತ್ತತೊಡಗಿದಳು. ಸೊಸೆ ಓಡಿಬಂದು ತೋಳು ಹಿಡಿದಾಗ, ಚೊಂಬು ಬರಿದಾಗಿ ಎಷ್ಟೋ ಹೊತ್ತಾಗಿತ್ತು.